ಬ್ಲೇಡ್ ರನ್ನರ್: ನಾಲ್ಕು ವರ್ಷದ ಆಯುಷ್ಯ, ಎರವಲು ನೆನಪು

‘ಬ್ಲೇಡ್ ರನ್ನರ್’ ಸಿನಿಮಾ ನೋಡಿ ಎದ್ದವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. ಅದರಲ್ಲಿ ಬರುವ ಪೊಲೀಸ್ ಡೆಕಾರ್ಡ್ ಮನುಷ್ಯನೋ, ಇಲ್ಲ ಅವನನ್ನೂ ತಯಾರಿಸಿದ್ದೋ? ಪ್ರಶ್ನೆ ಚೆನ್ನಾಗಿದೆ. ಅದಕ್ಕೆ ಮುಂದೆ ಬರುತ್ತೇನೆ. ಆದರೆ ಅದೊಂದನ್ನೇ ಹಿಡಿದು ಕೂತರೆ ಸಿನಿಮಾದ ತಿರುಳು ಕೈತಪ್ಪುತ್ತದೆ. ಈ ಕಥೆಯಲ್ಲಿ ಒಂದು ಕಂಪನಿ ದುಡಿಸಿಕೊಳ್ಳುವುದಕ್ಕಾಗಿ ಮನುಷ್ಯರಂಥವರನ್ನು ತಯಾರಿಸುತ್ತದೆ. ತಯಾರಿಸಿದ ಮೇಲೆ ಅವರನ್ನು ಕಂಡರೆ ಎಲ್ಲರಿಗೂ ಭಯ. ಆ ಭಯದಿಂದ ಮೂರು ಉಪಾಯ ಹುಟ್ಟುತ್ತವೆ. ಆಯುಷ್ಯಕ್ಕೆ ಒಂದು ಗಡುವು. ತಲೆಯೊಳಗೆ ಬೇರೆಯವರ ನೆನಪು. ಜನರ ನಡುವೆ ಸೇರಿಕೊಂಡರೆ ಹಿಡಿದು ಹಾಕಲು ಒಂದು ಪರೀಕ್ಷೆ. ಈ ಮೂರು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ ಅನ್ನೋದು ತಿಳಿದರೆ ಸಿನಿಮಾ ಅರ್ಥವಾದಂತೆ.

ಬಾಗಲಕೋಟೆಯಲ್ಲಿ ಕಾಲೇಜು ಹುಡುಗ ಹುಡುಗಿಯರ ಜೊತೆ ಕೂತು ನಾನು ಹಳೆಯ ಸಿನಿಮಾ ನೋಡುತ್ತಿರುತ್ತೇನೆ. ಇದನ್ನು ಹಾಕಿದಾಗೆಲ್ಲ ಮೊದಲ ಅರ್ಧ ಗಂಟೆಯಲ್ಲೇ ಒಂದಿಬ್ಬರು ಮೊಬೈಲ್ ತೆಗೆಯುತ್ತಾರೆ. ಕತ್ತಲು, ಮಳೆ, ಹೊಗೆ. ಮಾತು ಕಡಿಮೆ. ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: “ಸರ, ಇದರಾಗ ಹೀರೋ ಯಾರ್ರಿ? ಆ ಪೊಲೀಸನೋ, ಬಿಳೀ ಕೂದಲಿನವನೋ?”

ಬಹಳ ಒಳ್ಳೆಯ ಪ್ರಶ್ನೆ. ಪೋಸ್ಟರಿನಲ್ಲಿ ಬಂದೂಕು ಹಿಡಿದು ನಿಂತವನು ಡೆಕಾರ್ಡ್, ಅಂದರೆ ಹ್ಯಾರಿಸನ್ ಫೋರ್ಡ್. ಆದರೆ ಅವನಿಗೆ ಕೊಲ್ಲಲು ಹೇಳಿದ ನಾಲ್ವರಲ್ಲಿ ಇಡೀ ಸಿನಿಮಾದಲ್ಲಿ ಅವನು ಕೊಲ್ಲುವುದು ಇಬ್ಬರನ್ನು. ಇಬ್ಬರೂ ಹೆಂಗಸರು. ಒಬ್ಬಳಿಗೆ ಓಡಿಹೋಗುತ್ತಿರುವಾಗ ಬೆನ್ನಿಗೆ ಗುಂಡು ಹೊಡೆಯುತ್ತಾನೆ. ಮೂರನೆಯವನು ಅವನನ್ನು ಕೊಂದೇಬಿಡುತ್ತಿದ್ದ, ಅಷ್ಟರಲ್ಲಿ ಒಬ್ಬ ಹುಡುಗಿ ಬಂದು ಉಳಿಸುತ್ತಾಳೆ. ನಾಲ್ಕನೆಯವನು, ಅಂದರೆ ಆ ಬಿಳೀ ಕೂದಲಿನ ರಾಯ್, ಅವನನ್ನು ಸಾವಿನ ಬಾಯಿಂದ ಎಳೆದು ಹಾಕುತ್ತಾನೆ. ಉಳಿಸಿದ ಇಬ್ಬರೂ ತಯಾರಾದವರು. ಹುಡುಗನಿಗೆ ಗೊಂದಲ ಆಗಿದ್ದು ಸರಿಯಾದ ಜಾಗದಲ್ಲೇ.

ಕಥೆ ಇಷ್ಟು

ಸಿನಿಮಾ ಅಮೆರಿಕದಲ್ಲಿ ತೆರೆಗೆ ಬಂದದ್ದು 1982ರ ಜೂನ್ 25ರಂದು. ನಿರ್ದೇಶಕ ರಿಡ್ಲಿ ಸ್ಕಾಟ್. ಚಿತ್ರಕಥೆ ಹ್ಯಾಂಪ್ಟನ್ ಫ್ಯಾಂಚರ್ ಮತ್ತು ಡೇವಿಡ್ ಪೀಪಲ್ಸ್ ಅವರದು. ಸಂಗೀತ ವ್ಯಾಂಜೆಲಿಸ್. ಮೂಲ, ಫಿಲಿಪ್ ಕೆ. ಡಿಕ್ 1968ರಲ್ಲಿ ಪ್ರಕಟಿಸಿದ ಕಾದಂಬರಿ. ಕಥೆ ನಡೆಯುವುದು 2019ರ ನವೆಂಬರಿನ ಲಾಸ್ ಏಂಜಲೀಸ್ ನಗರದಲ್ಲಿ. ನಮಗೆ ಅದು ಆಗಲೇ ಕಳೆದ ವರ್ಷ, ಸಿನಿಮಾ ಮಾಡಿದವರಿಗೆ ಮೂವತ್ತೇಳು ವರ್ಷ ಮುಂದಿನ ಕಾಲ.

ಭೂಮಿ ಹಾಳಾಗಿದೆ. ಅನುಕೂಲ ಇದ್ದವರು ಬೇರೆ ಗ್ರಹಗಳ ಕಾಲೊನಿಗಳಿಗೆ ಹೋಗಿದ್ದಾರೆ. ‘ಅಲ್ಲಿಗೆ ಬನ್ನಿ, ಹೊಸ ಬದುಕು ಶುರು ಮಾಡಿ’ ಎಂದು ಕೂಗುವ ಜಾಹೀರಾತು ಹೊತ್ತ ಹಡಗು ಬೀದಿಯ ಮೇಲೆ ತೇಲುತ್ತಿರುತ್ತದೆ. ಕೆಳಗೆ ಉಳಿದವರು ಮಳೆಯಲ್ಲಿ ನೆನೆಯುತ್ತಾ ನಡೆಯುತ್ತಾರೆ. ಸೆಬಾಸ್ಟಿಯನ್ ಎಂಬ ತಂತ್ರಜ್ಞನಿಗೆ ಬೇಗ ಮುಪ್ಪು ಬರುವ ಕಾಯಿಲೆ ಇದೆ, ಅದಕ್ಕೇ ವೈದ್ಯಕೀಯ ತಪಾಸಣೆಯಲ್ಲಿ ಫೇಲಾಗಿ ಅವನು ಇಲ್ಲೇ ಉಳಿದಿದ್ದಾನೆ. ನಿಜವಾದ ಪ್ರಾಣಿಗಳು ಸಿಗುವುದೇ ಅಪರೂಪ. ಕಂಪನಿ ಮಾಲೀಕ ಟೈರೆಲ್‌ನ ಕೋಣೆಯಲ್ಲಿ ಹಾರುವ ಗೂಬೆಯೂ ತಯಾರಾದದ್ದೇ. ಒಂದು ಹಾವಿನ ಹುರುಪೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೇಲೆ ಸೀರಿಯಲ್ ನಂಬರ್ ಕಾಣುತ್ತದೆ.

ಟೈರೆಲ್ ಕಾರ್ಪೊರೇಷನ್ ತಯಾರಿಸುವ ಕೃತಕ ಮನುಷ್ಯರಿಗೆ ಸಿನಿಮಾದಲ್ಲಿ ರಿಪ್ಲಿಕಂಟ್ ಎಂದು ಹೆಸರು. ಅವರಲ್ಲಿ ಹೊಸ ಮಾದರಿ ನೆಕ್ಸಸ್-6. ಬಲದಲ್ಲಿ ಮನುಷ್ಯರಿಗಿಂತ ಜಾಸ್ತಿ, ಬುದ್ಧಿಯಲ್ಲಿ ತಮ್ಮನ್ನು ಮಾಡಿದ ಎಂಜಿನಿಯರುಗಳಿಗೆ ಸಮ. ಬೇರೆ ಗ್ರಹವೊಂದರಲ್ಲಿ ಇವರು ದಂಗೆ ಎದ್ದ ಮೇಲೆ ಭೂಮಿಗೆ ಕಾಲಿಡುವುದೇ ಅಪರಾಧವಾಗಿದೆ. ಶಿಕ್ಷೆ ಮರಣ. ಅದಕ್ಕೆಂದೇ ಇರುವ ಪೊಲೀಸರನ್ನು ಬ್ಲೇಡ್ ರನ್ನರ್ ಎನ್ನುತ್ತಾರೆ. ಒಂದು ನೌಕೆ ಕಸಿದುಕೊಂಡು ಭೂಮಿಗೆ ಬಂದವರಲ್ಲಿ ನಾಲ್ವರು ಉಳಿದಿದ್ದಾರೆ: ರಾಯ್ ಬ್ಯಾಟಿ, ಪ್ರಿಸ್, ಲಿಯಾನ್, ಝೋರಾ. ಅವರನ್ನು ಹುಡುಕಿ ಕೊಲ್ಲುವ ಕೆಲಸ ಡೆಕಾರ್ಡ್‌ಗೆ ಬರುತ್ತದೆ. ಅವನಿಗೆ ಮನಸ್ಸಿಲ್ಲ. ಪೊಲೀಸ್ ಸಾಹೇಬರು ಬೆದರಿಸಿ ಒಪ್ಪಿಸುತ್ತಾರೆ.

ಆ ನಾಲ್ವರ ಹುಟ್ಟಿನ ದಾಖಲೆಯನ್ನು ಸಾಹೇಬರು ಪರದೆಯ ಮೇಲೆ ತೋರಿಸುವ ದೃಶ್ಯ ಅವಸರದಲ್ಲಿ ದಾಟಿಹೋಗುತ್ತದೆ. ನಿಲ್ಲಿಸಿ ನೋಡಬೇಕಾದದ್ದು. ರಾಯ್ ಯುದ್ಧಕ್ಕೆ ಮಾಡಿದವನು. ಲಿಯಾನ್ ಭಾರ ಹೊರಲು. ಝೋರಾ ಕೊಲೆಗೆ ತರಬೇತಾದವಳು. ಪ್ರಿಸ್‌ಳನ್ನು ಮಾಡಿದ್ದು ಕಾಲೊನಿಗಳಲ್ಲಿರುವ ಸೈನಿಕರ ಸುಖಕ್ಕೆ. ನಮ್ಮ ಕಡೆ ಇದಕ್ಕೆ ಜೀತ ಅಂತಾರೆ. ಹುಟ್ಟುವ ಮೊದಲೇ ಬರೆದಿಟ್ಟ ಜೀತ.

ಇವರು ಕಬ್ಬಿಣದ ರೋಬೋಟುಗಳಲ್ಲ ಅನ್ನೋದನ್ನು ಮರೆಯಬಾರದು. ಒಳಗೆ ವೈರ್ ಇಲ್ಲ, ಬ್ಯಾಟರಿ ಇಲ್ಲ. ಜೀನ್ ಮಟ್ಟದಲ್ಲಿ ವಿನ್ಯಾಸ ಮಾಡಿ, ಅಂಗಾಂಗ ಬೆಳೆಸಿ ಮಾಡಿದ ದೇಹ. ಚ್ಯೂ ಎಂಬ ಮುದುಕ ಕೊರೆಯುವ ಚಳಿಯ ಲ್ಯಾಬಿನಲ್ಲಿ ಕೂತು ಬರೀ ಕಣ್ಣು ಮಾಡುತ್ತಾನೆ. ಅವನ ಎದುರು ನಿಂತು ರಾಯ್, ನಿನ್ನ ಕಣ್ಣಿನಿಂದ ನಾನು ಏನೇನು ಕಂಡಿದ್ದೇನೆ ಅನ್ನೋದು ನಿನಗೂ ಕಾಣುವಂತಿದ್ದರೆ ಎಂಬ ಅರ್ಥದ ಮಾತಾಡುತ್ತಾನೆ. ಇವರಿಗೆ ಗಾಯವಾದರೆ ರಕ್ತ ಬರುತ್ತದೆ, ಹೆದರಿದರೆ ಮೈ ಬೆವರುತ್ತದೆ. ಈ ಯೋಚನೆ ಹಳೆಯದು. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರ ತನ್ನ ನಾಟಕದಲ್ಲಿ ರೋಬೋಟ್ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟಾಗ, ಅವನ ರೋಬೋಟುಗಳೂ ಮಾಂಸದಂಥ ವಸ್ತುವಿನಿಂದ ಆದವೇ. ಅವೂ ದುಡಿಯಲು ಹುಟ್ಟಿ ಕೊನೆಗೆ ದಂಗೆ ಎದ್ದವು.

ಕೊಂಡುತಂದ ಆಳು ತನಗಿಂತ ಗಟ್ಟಿಗನಾದರೆ ಧಣಿ ಏನು ಮಾಡುತ್ತಾನೆ? ವಿಜಯಪುರದವರಿಗೆ ಈ ಪ್ರಶ್ನೆ ಇತಿಹಾಸದಲ್ಲೇ ಸಿಗುತ್ತದೆ. ಆಫ್ರಿಕಾದಿಂದ ಗುಲಾಮರಾಗಿ ದಖ್ಖನಿಗೆ ಬಂದ ಹಬ್ಶಿಗಳಲ್ಲಿ ಕೆಲವರು ಇಲ್ಲಿ ದೊರೆಗಳನ್ನೇ ನಡೆಸುವ ಮಟ್ಟಕ್ಕೆ ಬೆಳೆದರು. ಮೊಹಮ್ಮದ್ ಆದಿಲ್ ಷಾನ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ದೊಡ್ಡ ಮಂತ್ರಿಯಾಗಿದ್ದ. ಮಲಿಕ್ ಅಂಬರ್ ಹಲವು ಕೈ ಬದಲಾಗಿ ಮಾರಾಟವಾದವನು, ಆಮೇಲೆ ಅಹಮದನಗರದ ಆಡಳಿತ ಹಿಡಿದ. ಅಂದರೆ ಬೆಳೆಯಲು ಎಲ್ಲೋ ಒಂದು ದಾರಿ ಇತ್ತು. ಟೈರೆಲ್ ತನ್ನ ಆಳುಗಳಿಗೆ ಆ ದಾರಿಯನ್ನೇ ಮುಚ್ಚುತ್ತಾನೆ. ಅವರು ಬೆಳೆಯುವಷ್ಟು ಹೊತ್ತು ಬದುಕಬಾರದು.

ನಾಲ್ಕು ವರ್ಷದ ಗಡುವು

ರಾಯ್ ಬ್ಯಾಟಿ ಚಾಲೂ ಆದ ದಿನಾಂಕ 2016ರ ಜನವರಿ 8. ಕಥೆ ನಡೆಯುತ್ತಿರುವುದು 2019ರ ನವೆಂಬರಿನಲ್ಲಿ. ಲೆಕ್ಕ ಹಾಕಿ. ಅವನಿಗೆ ಉಳಿದಿರುವುದು ಕೆಲವೇ ವಾರ. ಸಿನಿಮಾದಲ್ಲಿ ಅವನ ಬೆರಳುಗಳು ಆಗಾಗ ಸೆಟೆದುಕೊಳ್ಳುವುದು ಇದಕ್ಕೇ. ಮೊದಲ ಸಲ ನೋಡುವಾಗ ಅದು ಸಿಟ್ಟಿನ ಮುಷ್ಟಿ ಅನ್ನಿಸುತ್ತದೆ. ಗಡುವಿನ ಸಂಗತಿ ಗೊತ್ತಿದ್ದು ನೋಡಿದರೆ ಅದು ದೇಹ ಕೈಬಿಡುತ್ತಿರುವ ಲಕ್ಷಣ.

ಗಡುವು ಯಾಕೆ ಹಾಕಿದರು? ಇವರಿಗೆ ಭಾವನೆ ಇಲ್ಲದಂತೆ ಮಾಡಿದ್ದರು. ಆದರೆ ಕೆಲವು ವರ್ಷ ಬದುಕಿದರೆ ಭಾವನೆ ತಾನಾಗಿ ಹುಟ್ಟಬಹುದು ಎಂಬ ಅನುಮಾನ ವಿನ್ಯಾಸಕಾರರಿಗೆ ಇತ್ತು. ಸಿಟ್ಟು, ಪ್ರೀತಿ, ಹೊಟ್ಟೆಕಿಚ್ಚು, ಹೆದರಿಕೆ. ಅವು ಬಲಿಯುವ ಮೊದಲೇ ಸಾಯಲಿ ಎಂದು ನಾಲ್ಕು ವರ್ಷಕ್ಕೆ ನಿಲ್ಲಿಸಿದರು. ಇದರಲ್ಲಿ ಒಂದು ಒಪ್ಪಿಗೆ ಅಡಗಿದೆ, ನೋಡಿ. ಇವರು ಬರೀ ವಸ್ತು ಎಂದು ಕಂಪನಿ ನಿಜವಾಗಿ ನಂಬಿದ್ದರೆ ಗಡುವೇ ಬೇಕಿರಲಿಲ್ಲ. ಇವರೊಳಗೆ ಮನುಷ್ಯ ಹುಟ್ಟುತ್ತಾನೆ ಎಂದು ಗೊತ್ತಿದ್ದೇ ಗಡುವು ಹಾಕಿದ್ದು.

ರಾಯ್ ಭೂಮಿಗೆ ಬಂದದ್ದು ಸೇಡಿಗಲ್ಲ, ಆಯುಷ್ಯ ಕೇಳಲು. ಸೆಬಾಸ್ಟಿಯನ್ ಮತ್ತು ಟೈರೆಲ್ ನಡುವೆ ನಡೆಯುತ್ತಿದ್ದ ಚದುರಂಗದ ಆಟದಲ್ಲಿ ಒಂದು ನಡೆ ಹೇಳಿಕೊಟ್ಟು, ಆ ನೆಪದಲ್ಲಿ ಟೈರೆಲ್‌ನ ಮಲಗುವ ಕೋಣೆಗೇ ಹೋಗುತ್ತಾನೆ. ಆಮೇಲಿನ ಮಾತುಕತೆ ಅರ್ಥವಾಗದೆ ಎಲ್ಲರೂ ದಾಟಿಬಿಡುತ್ತಾರೆ. ಮೇಲ್ನೋಟಕ್ಕೆ ಅದು ಜೀವವಿಜ್ಞಾನದ ಪಾಠದಂತಿದೆ. ಬಿಡಿಸಿದರೆ ಅಷ್ಟು ಕಷ್ಟವಿಲ್ಲ.

ಜೀವಕೋಶದೊಳಗಿನ ಡಿಎನ್ಎಯಲ್ಲಿ ಬರೆದ ಸೂಚನೆ ಒಮ್ಮೆ ಕೂತ ಮೇಲೆ ತಿದ್ದಲು ಬರುವುದಿಲ್ಲ ಎನ್ನುತ್ತಾನೆ ಟೈರೆಲ್. ರಾಯ್ ಬಿಡುವುದಿಲ್ಲ. ಇಎಂಎಸ್ ಬಳಸಿ ತಿದ್ದಬಹುದಲ್ಲ ಎಂದು ಕೇಳುತ್ತಾನೆ. ಇಎಂಎಸ್ ಅಂದರೆ ಈಥೈಲ್ ಮೀಥೇನ್ ಸಲ್ಫೊನೇಟ್. ಇದು ಸಿನಿಮಾದವರು ಕಟ್ಟಿದ ಹೆಸರಲ್ಲ, ನಿಜವಾದ ರಾಸಾಯನಿಕ. ಡಿಎನ್ಎಯ ಅಕ್ಷರಗಳಿಗೆ ಅಂಟಿಕೊಂಡು, ಕೋಶ ಅದನ್ನು ನಕಲು ಮಾಡುವಾಗ ತಪ್ಪಾಗುವಂತೆ ಮಾಡುತ್ತದೆ. ಬೀಜವನ್ನು ಇದರಲ್ಲಿ ನೆನೆಸಿ ಹೊಸ ಗುಣದ ಗಿಡ ಹುಡುಕುವುದು ತಳಿ ಅಭಿವೃದ್ಧಿಯಲ್ಲಿ ರೂಢಿಯಲ್ಲಿರುವ ಪದ್ಧತಿ. ನಮ್ಮ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ತಳಿಶಾಸ್ತ್ರ ಓದುವ ಹುಡುಗರಿಗೆ ಈ ಮೂರಕ್ಷರ ಹೊಸದಲ್ಲ. ಬೀಜದ ವಿಷಯದಲ್ಲಿ ನೂರಾರು ಸಾಯಲಿ, ಒಂದು ಒಳ್ಳೆಯದು ಸಿಕ್ಕರೆ ಸಾಕು. ಬದುಕಿರುವ ಒಬ್ಬನ ಮೇಲೆ ಆ ಜೂಜು ಆಡಲಾಗುವುದಿಲ್ಲ, ಅಲ್ವಾ? ಟೈರೆಲ್ ಉತ್ತರವೂ ಅದೇ. ಮಾಡಿ ನೋಡಿದೆವು, ವೈರಸ್ ಹುಟ್ಟಿ ಆ ಜೀವ ಮೇಜಿನ ಮೇಲೇ ಸತ್ತಿತು ಎನ್ನುತ್ತಾನೆ. ರಾಯ್ ತಡೆಯೊಡ್ಡುವ ಪ್ರೋಟೀನ್ ಬಗ್ಗೆ ಕೇಳುತ್ತಾನೆ. ಅದಕ್ಕೂ ಇಲ್ಲ.

ಈ ದೃಶ್ಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ರಾಯ್‌ನ ತಯಾರಿ. ಸಾಯಲಿರುವವನು ತನ್ನ ಕಾಯಿಲೆ ಬಗ್ಗೆ ಡಾಕ್ಟರಷ್ಟೇ ಓದಿಕೊಂಡು ಬಂದಿದ್ದಾನೆ. ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಫೈಲು ಹಿಡಿದು ನಿಂತ ಮನೆಮಂದಿ ಹೀಗೇ ಕೇಳುತ್ತಾರೆ: ಆ ಔಷಧಿ ಕೊಟ್ಟರೆ? ಈ ಆಪರೇಷನ್ ಮಾಡಿಸಿದರೆ? ಟೈರೆಲ್ ಮಾತ್ರ ಹೆಮ್ಮೆಯಿಂದ ಸಮಾಧಾನ ಹೇಳುತ್ತಾನೆ. ಜೋರಾಗಿ ಉರಿಯುವ ದೀಪ ಬೇಗ ಆರುತ್ತದೆ, ನೀನು ಎಷ್ಟು ಚೆನ್ನಾಗಿ ಉರಿದೆ ನೋಡು ಎನ್ನುತ್ತಾನೆ. ಆ ದೀಪಕ್ಕೆ ಎಣ್ಣೆ ಕಡಿಮೆ ಹಾಕಿದವನು ತಾನೇ ಅನ್ನೋದು ಅವನ ಮನಸ್ಸಿಗೆ ಬರುವುದೇ ಇಲ್ಲ. ರಾಯ್ ಅವನಿಗೆ ಮುತ್ತಿಟ್ಟು, ಆಮೇಲೆ ಕಣ್ಣಿಗೆ ಹೆಬ್ಬೆರಳೊತ್ತಿ ಕೊಲ್ಲುತ್ತಾನೆ. ನೋಡಲು ಭಯಂಕರ. ಮಕ್ಕಳ ಜೊತೆ ನೋಡುವವರು ಮೊದಲೇ ತಿಳಿದಿರುವುದು ಒಳ್ಳೆಯದು.

ಬೇರೆಯವರ ನೆನಪು

ಎರಡನೆಯ ಉಪಾಯ ಹೆಚ್ಚು ನಾಜೂಕಿನದು. ಅದು ರೇಚಲ್ ಮೇಲೆ ನಡೆದಿದೆ.

ರೇಚಲ್ ಟೈರೆಲ್‌ನ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗಿ. ತಾನು ಮನುಷ್ಯಳೆಂದೇ ತಿಳಿದಿದ್ದಾಳೆ. ಅವಳಿಗೆ ಬಾಲ್ಯ ಇದೆ, ಅಮ್ಮ ಇದ್ದಾಳೆ, ಪಿಯಾನೊ ಕಲಿತ ನೆನಪಿದೆ. ಟೈರೆಲ್ ಹೇಳುವ ಕಾರಣ ಇದು: ಈ ಜೀವಗಳಿಗೆ ಅನುಭವ ಕಡಿಮೆ, ಭಾವನೆ ನುಗ್ಗಿ ಬಂದಾಗ ತಡೆದುಕೊಳ್ಳಲು ಆಗುವುದಿಲ್ಲ. ಒಂದು ಹಿಂದಿನ ಬದುಕು ಕೊಟ್ಟರೆ ಭಾವನೆಗೆ ಆನಿಕೆ ಸಿಗುತ್ತದೆ, ಆಗ ಹತೋಟಿಯಲ್ಲಿಡುವುದು ಸುಲಭ. ಮನಶ್ಶಾಸ್ತ್ರದ ದೃಷ್ಟಿಯಿಂದ ಈ ಮಾತು ಪೂರ್ತಿ ಸುಳ್ಳೇನಲ್ಲ. ಹೊಸದೊಂದು ದುಃಖ ಬಂದಾಗ ನಾವು ಹಳೆಯ ದುಃಖದ ಅನುಭವದಿಂದಲೇ ಅದನ್ನು ಅಳೆಯುತ್ತೇವೆ, ತಡೆದುಕೊಳ್ಳುತ್ತೇವೆ.

ಡೆಕಾರ್ಡ್ ಪರೀಕ್ಷೆ ಮಾಡಿದ ರಾತ್ರಿ ಅವಳು ಅವನ ಮನೆಗೆ ಬರುತ್ತಾಳೆ. ಕೈಯಲ್ಲಿ ಒಂದು ಫೋಟೊ. ಚಿಕ್ಕವಳಿದ್ದಾಗ ಅಮ್ಮನ ಜೊತೆ ತೆಗೆಸಿಕೊಂಡದ್ದು. ಡೆಕಾರ್ಡ್ ಕಟುವಾಗಿ ಅವಳ ನೆನಪುಗಳನ್ನು ಅವಳಿಗೇ ಹೇಳತೊಡಗುತ್ತಾನೆ. ಕಿಟಕಿಯ ಹೊರಗೆ ಪೊದೆಯಲ್ಲಿ ಒಂದು ಜೇಡ. ಕಿತ್ತಳೆ ಮೈ, ಹಸಿರು ಕಾಲು. ಬೇಸಿಗೆಯಿಡೀ ಬಲೆ ನೇಯುತ್ತಿತ್ತು. ಆಮೇಲೆ ಬಲೆಯಲ್ಲಿ ದೊಡ್ಡದೊಂದು ಮೊಟ್ಟೆ. ಮೊಟ್ಟೆ ಒಡೆಯಿತು ಎಂದು ಅವನು ನಿಲ್ಲಿಸುತ್ತಾನೆ. ಮುಂದಿನದನ್ನು ಅವಳೇ ಹೇಳುತ್ತಾಳೆ: ನೂರು ಮರಿ ಜೇಡ ಹೊರಬಂದು ತಾಯಿಯನ್ನೇ ತಿಂದವು. ಯಾರಿಗೂ ಹೇಳಿರದ ನೆನಪು ಪೊಲೀಸಿನವನ ಬಾಯಲ್ಲಿ. ಅದು ನಿನ್ನದಲ್ಲ, ಟೈರೆಲ್‌ನ ಒಡಹುಟ್ಟಿದವರ ಮಗಳದು ಎನ್ನುತ್ತಾನೆ. ಅವಳ ಕಣ್ಣಲ್ಲಿ ನೀರು. ಅವನಿಗೆ ಆಗ ತಪ್ಪಿನ ಅರಿವಾಗಿ, ತಮಾಷೆಗೆ ಅಂದೆ, ನೀನು ಹಾಗಲ್ಲ ಎಂದು ಸಾವರಿಸಲು ನೋಡುತ್ತಾನೆ. ಕುಡಿಯಲು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಹೊರಟುಹೋಗಿದ್ದಾಳೆ.

ಫೋಟೊ ಉಳಿದಿದೆ. ಅವನು ಕೈಗೆತ್ತಿಕೊಂಡು ನೋಡುತ್ತಾನೆ. ಇಲ್ಲಿ ಕಣ್ಣು ಮಿಟುಕಿಸದೆ ನೋಡಿ. ಒಂದೇ ಕ್ಷಣ ಆ ಫೋಟೊದಲ್ಲಿ ನೆರಳು ಅಲ್ಲಾಡುತ್ತದೆ, ಬಿಸಿಲು ಚಲಿಸುತ್ತದೆ. ಅಷ್ಟೇ. ಇಡೀ ಸಿನಿಮಾದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ನಕಲಿ ಎಂದು ಸಾಬೀತಾದ ಫೋಟೊ ಆ ಕ್ಷಣದಲ್ಲೇ ಜೀವ ಪಡೆಯುತ್ತದೆ.

ಆಮೇಲೊಮ್ಮೆ ರೇಚಲ್ ಪಿಯಾನೊ ಮುಂದೆ ಕೂರುತ್ತಾಳೆ, ನುಡಿಸುತ್ತಾಳೆ. ನುಡಿಸಲು ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ, ಪಾಠ ಕಲಿತದ್ದು ನೆನಪಿದೆ, ಅದು ನಾನೋ ಆ ಹುಡುಗಿಯೋ ತಿಳಿಯದು ಎನ್ನುತ್ತಾಳೆ. ನೀನು ಚೆನ್ನಾಗಿ ನುಡಿಸುತ್ತೀಯ ಎನ್ನುತ್ತಾನೆ ಡೆಕಾರ್ಡ್. ಸಿನಿಮಾ ಈ ಗಂಟನ್ನು ಬಿಡಿಸುವುದು ಇಷ್ಟರಲ್ಲೇ. ಪಾಠ ಕಲಿತದ್ದು ಯಾರಾದರೂ ಆಗಿರಲಿ, ಈಗ ನುಡಿಸುತ್ತಿರುವ ಬೆರಳು ಅವಳದು.

ಇದು ನಮ್ಮೂರಿನವರಿಗೆ ಬೇಗ ಹತ್ತಿರವಾಗುತ್ತದೆ ಅನ್ನೋದು ನನ್ನ ಅನುಭವ. ಆಲಮಟ್ಟಿ ಅಣೆಕಟ್ಟೆಯಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸಿದಾಗ ಹಳೇ ಬಾಗಲಕೋಟೆಯ ದೊಡ್ಡ ಭಾಗ ಮುಳುಗಡೆಯಾಯಿತು. ಜನರಿಗೆ ಸೆಕ್ಟರ್ ಸೆಕ್ಟರ್ ಆಗಿ ನವನಗರ ಕಟ್ಟಿದರು. ನಮ್ಮ ಅಕ್ಕನ ಮಗಳು ಹುಟ್ಟಿದ್ದು ನವನಗರದಲ್ಲೇ. ಹಳೆಯ ಮನೆಯನ್ನು ಅವಳು ಕಂಡಿಲ್ಲ. ಆದರೆ ಮಾಳಿಗೆಯ ಬೆಳಕಿಂಡಿಯಿಂದ ಪಡಸಾಲೆಗೆ ಬಿಸಿಲಿನ ಕೋಲು ಬೀಳುತ್ತಿದ್ದುದು, ಅದರಲ್ಲಿ ಧೂಳು ಕುಣಿಯುತ್ತಿದ್ದುದು, ಅಂಗೈ ಚಾಚಿದರೆ ಬೆಚ್ಚಗಾಗುತ್ತಿದ್ದುದು, ಎಲ್ಲವನ್ನೂ ಕಣ್ಣಾರೆ ಕಂಡಂತೆ ಹೇಳುತ್ತಾಳೆ. ಅಜ್ಜಿಯಿಂದ ಬಂದ ನೆನಪು. ಹೇಳುವಾಗ ‘ಅಜ್ಜಿ ಹೇಳ್ತಿದ್ಲು’ ಎಂಬ ಮಾತೂ ಈಗ ಬರುವುದಿಲ್ಲ. ಹೋಳಿ ಹುಣ್ಣಿಮೆಗೆ ಹಲಗೆ ಬಾರಿಸುತ್ತಾ ‘ನಮ್ಮ ಓಣಿ’ ಎಂದು ಕೂಗುವ ಎಷ್ಟೋ ಹುಡುಗರು ಆ ಓಣಿಯಲ್ಲಿ ಬೆಳೆದವರಲ್ಲ. ಅವರ ಅಭಿಮಾನ ಸುಳ್ಳು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಹಾಗಾದರೆ ಟೈರೆಲ್ ಮಾಡಿದ ತಪ್ಪೇನು? ಬೇರೆಯವರ ನೆನಪು ಕೊಟ್ಟದ್ದೇ ತಪ್ಪಾದರೆ ಅಜ್ಜಿಯರೆಲ್ಲ ತಪ್ಪಿತಸ್ಥರು. ಅಜ್ಜಿ ಕೊಟ್ಟದ್ದು ಮೊಮ್ಮಗಳಿಗೆ ಬೇರು ಇರಲಿ ಅಂತ. ಯಾರ ನೆನಪು ಅನ್ನೋದನ್ನು ಮುಚ್ಚಿಡಲಿಲ್ಲ. ಟೈರೆಲ್ ಕೊಟ್ಟದ್ದು ಲಗಾಮಿಗಾಗಿ, ಅದೂ ಕದ್ದುಮುಚ್ಚಿ. ನೆನಪು ಎಲ್ಲಿಂದ ಬಂತು ಅನ್ನೋದಕ್ಕಿಂತ ಯಾತಕ್ಕೆ ಕೊಟ್ಟರು ಅನ್ನೋದು ಈ ಸಿನಿಮಾಕ್ಕೆ ಮುಖ್ಯ. ಹತೋಟಿಗೆಂದು ಕೊಟ್ಟ ಅದೇ ನೆನಪಿನ ಬಲದಿಂದ ರೇಚಲ್ ತನ್ನದೇ ತೀರ್ಮಾನ ತೆಗೆದುಕೊಳ್ಳುವ ಹೆಣ್ಣಾಗುತ್ತಾಳೆ. ಲಿಯಾನ್‌ನಿಂದ ಡೆಕಾರ್ಡ್‌ನನ್ನು ಉಳಿಸಿದವಳು ಅವಳೇ.

ಕಣ್ಣಿನ ಪಾಪೆಯ ಪರೀಕ್ಷೆ

ಮೂರನೆಯ ಉಪಾಯದ ಹೆಸರು ವಾಯ್ಟ್-ಕಾಂಪ್ಫ್ ಪರೀಕ್ಷೆ. ರಿಪ್ಲಿಕಂಟ್ ದೇಹ ಮನುಷ್ಯನದರಂತೆಯೇ ಇರುವುದರಿಂದ ಮೈ ನೋಡಿ ಹೇಳಲಾಗುವುದಿಲ್ಲ. ಆದ್ದರಿಂದ ಎದುರಿಗೆ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಉತ್ತರ ಅಷ್ಟು ಮುಖ್ಯವಲ್ಲ. ಯಂತ್ರದ ಕಣ್ಣು ಅವರ ಕಣ್ಣಿನ ಮೇಲೆ ಇರುತ್ತದೆ. ಪಾಪೆ ಎಷ್ಟು ಹಿಗ್ಗಿತು, ಕೆನ್ನೆಯ ಸಣ್ಣ ರಕ್ತನಾಳಗಳಲ್ಲಿ ಕೆಂಪು ಏರಿತೇ ಎಂದು ಅಳೆಯುತ್ತದೆ. ಇದಕ್ಕೆ ವಿಜ್ಞಾನದ ಬುನಾದಿ ಇದೆ. ಮನಸ್ಸಿಗೆ ತಟ್ಟುವ ಸಂಗತಿ ಎದುರಾದಾಗ ಪಾಪೆ ಹಿಗ್ಗುವುದು, ನಾಚಿಕೆಯಿಂದ ಮುಖ ಕೆಂಪಾಗುವುದು ನಮ್ಮ ಕೈಯಲ್ಲಿಲ್ಲದ ಕ್ರಿಯೆಗಳು.

ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ಸೂಚಿಸಿದ ಪರೀಕ್ಷೆಗೂ ಇದಕ್ಕೂ ವ್ಯತ್ಯಾಸ ದೊಡ್ಡದು. ಟ್ಯೂರಿಂಗ್ ಪ್ರಕಾರ ಯಂತ್ರವನ್ನು ನೋಡಲೇಬಾರದು. ಬರಹದಲ್ಲಿ ಬರುವ ಉತ್ತರ ಓದಿ, ಅದು ಮನುಷ್ಯನೋ ಯಂತ್ರವೋ ಗುರುತಿಸಲಾಗದಿದ್ದರೆ ಯಂತ್ರ ಗೆದ್ದಂತೆ. ಅಲ್ಲಿ ಪರೀಕ್ಷೆ ಬುದ್ಧಿಗೆ. ಇವತ್ತು ನಮ್ಮ ಮೊಬೈಲಿನಲ್ಲಿರುವ ಚಾಟ್‌ಬಾಟ್‌ಗಳು ಮರುಕದ ಮಾತನ್ನೂ ಸರಾಗವಾಗಿ ಬರೆಯುವುದನ್ನು ನೋಡಿದರೆ, ಮಾತಿನಿಂದಷ್ಟೇ ಅಳೆಯುವುದು ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ವಾಯ್ಟ್-ಕಾಂಪ್ಫ್ ಹುಡುಕುವುದು ಕರುಣೆಯನ್ನು. ನಾಲಿಗೆ ಸುಳ್ಳಾಡಬಹುದು, ಪಾಪೆ ಆಡಲಾರದು ಎಂಬುದು ಅದರ ನಂಬಿಕೆ.

ಕೇಳುವ ಪ್ರಶ್ನೆಗಳು ಹೆಚ್ಚಾಗಿ ಪ್ರಾಣಿಗಳ ಬಗ್ಗೆ. ಮರಳುಗಾಡಿನಲ್ಲಿ ಆಮೆಯೊಂದು ಬೆನ್ನ ಮೇಲೆ ಬಿದ್ದು ಕಾಲು ಬಡಿಯುತ್ತಿದೆ, ನೀನು ಸಹಾಯ ಮಾಡುತ್ತಿಲ್ಲ, ಯಾಕೆ? ಹುಟ್ಟುಹಬ್ಬಕ್ಕೆ ಕರುವಿನ ಚರ್ಮದ ಪರ್ಸ್ ಕೊಟ್ಟರೆ ಏನು ಮಾಡುತ್ತೀಯ? ಪ್ರಾಣಿಗಳೇ ಅಳಿದುಹೋದ ಲೋಕದಲ್ಲಿ ಇವು ಭಾರದ ಪ್ರಶ್ನೆಗಳು. ಆದರೆ ಇಲ್ಲೇ ಪರೀಕ್ಷೆಯ ಬಿರುಕೂ ಇದೆ. ಅಥಣಿಯಲ್ಲಿ ತಲೆತಲಾಂತರದಿಂದ ಚರ್ಮದ ಚಪ್ಪಲಿ ಹೊಲಿಯುವ ಮನೆತನಗಳಿವೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಆ ಕೆಲಸದವರನ್ನು ಯಂತ್ರದ ಮುಂದೆ ಕೂರಿಸಿ ಚರ್ಮದ ಪರ್ಸಿನ ಪ್ರಶ್ನೆ ಕೇಳಿದರೆ ಅವರ ಪಾಪೆ ಅಲುಗಾಡಲಾರದು. ಅವರಿಗೆ ಅದು ಅನ್ನ. ಹಾಗಂತ ಅವರ ಕರುಣೆಗೆ ಸೊನ್ನೆ ಹಾಕುವುದಕ್ಕೆ ಆಗುತ್ತಾ? ಈ ಪರೀಕ್ಷೆ ಅಳೆಯುವುದು ಕರುಣೆಯನ್ನಷ್ಟೇ ಅಲ್ಲ, ಯಾವ ಸಮಾಜದಲ್ಲಿ ಬೆಳೆದೆ ಅನ್ನೋದನ್ನೂ ಅಳೆಯುತ್ತದೆ. ರೇಚಲ್‌ಗೆ ನೂರಕ್ಕೂ ಹೆಚ್ಚು ಪ್ರಶ್ನೆ ಬೇಕಾಯಿತು, ಬೇರೆಯವರಿಗೆ ಇಪ್ಪತ್ತು ಮೂವತ್ತು ಸಾಕು. ಒಂದು ಬಾಲ್ಯ ತುಂಬಿದ್ದೇ ಯಂತ್ರ ತಡವರಿಸಿತು. ಲಿಯಾನ್‌ಗೆ ಬಾಲ್ಯ ಇಲ್ಲ. ಅಮ್ಮನ ಬಗ್ಗೆ ಹೇಳು ಎಂದದ್ದಕ್ಕೆ ಅವನು ಮೇಜಿನ ಕೆಳಗಿನಿಂದ ಗುಂಡು ಹಾರಿಸುತ್ತಾನೆ.

ಕಾದಂಬರಿಗೂ ಸಿನಿಮಾಕ್ಕೂ ಇರುವ ದೊಡ್ಡ ತಿರುವು ಇಲ್ಲಿದೆ. ಫಿಲಿಪ್ ಕೆ. ಡಿಕ್‌ಗೆ ಈ ಯೋಚನೆ ಬಂದದ್ದು ಬೇರೊಂದು ಕಾದಂಬರಿಗಾಗಿ ನಾಜಿಗಳ ಬಗ್ಗೆ ಓದುತ್ತಿದ್ದಾಗ. ಪೋಲೆಂಡಿನಲ್ಲಿದ್ದ, ನಾಜಿಗಳ ಎಸ್ಎಸ್ ಪಡೆಯ ಒಬ್ಬ ಅಧಿಕಾರಿಯ ದಿನಚರಿ ಅವನ ಕಣ್ಣಿಗೆ ಬಿತ್ತು. ಹಸಿದ ಮಕ್ಕಳ ಅಳುವಿನಿಂದ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಆತ ದೂರಿಕೊಂಡಿದ್ದ. ಮಕ್ಕಳ ಹಸಿವಲ್ಲ, ತನ್ನ ನಿದ್ದೆ ಅವನ ಚಿಂತೆ. ಮನುಷ್ಯನ ರೂಪ, ಒಳಗೆ ಮನುಷ್ಯ ಇಲ್ಲ. ಡಿಕ್‌ನ ಆಂಡ್ರಾಯ್ಡ್‌ಗಳು (ಕಾದಂಬರಿಯಲ್ಲಿ ಕೃತಕ ಮನುಷ್ಯರಿಗೆ ಇರುವ ಹೆಸರು) ಅಂಥವರು. ಕಾದಂಬರಿಯಲ್ಲಿ ಅವು ಕುತೂಹಲಕ್ಕೆ ಜೇಡದ ಕಾಲನ್ನು ಒಂದೊಂದಾಗಿ ಕತ್ತರಿಸುತ್ತವೆ.

ಸಿನಿಮಾ ಇದನ್ನು ಮಗುಚಿ ಹಾಕುತ್ತದೆ. ರಿಪ್ಲಿಕಂಟ್‌ಗಳು ಒಬ್ಬರಿಗೊಬ್ಬರು ಅಳುತ್ತಾರೆ. ಪ್ರಿಸ್ ಸತ್ತಾಗ ರಾಯ್ ಗೋಳಾಡುತ್ತಾನೆ. ಮನುಷ್ಯರು ಯಾರಿಗೂ ಅಳುವುದಿಲ್ಲ. ಝೋರಾ ಗಾಜು ಒಡೆದುಕೊಂಡು ಬಿದ್ದಾಗ ಸುತ್ತಲಿನ ಜನ ನಡೆಯುತ್ತಲೇ ಇರುತ್ತಾರೆ. ಆ ಜನರನ್ನು ಯಾರೂ ಪರೀಕ್ಷೆಗೆ ಕೂರಿಸುವುದಿಲ್ಲ.

ಕೊನೆಯ ಅಟ್ಟಾಟದಲ್ಲಿ ಡೆಕಾರ್ಡ್ ಕಟ್ಟಡದ ತುದಿಯಿಂದ ತೊಲೆ ಹಿಡಿದು ಜೋತಾಡುತ್ತಿದ್ದಾನೆ. ರಾಯ್ ಸೆಟೆಯುತ್ತಿರುವ ಕೈ ಇನ್ನಷ್ಟು ಹೊತ್ತು ಕೆಲಸ ಮಾಡಲಿ ಎಂದು ಅಂಗೈಗೆ ಮೊಳೆ ಚುಚ್ಚಿಕೊಂಡಿದ್ದಾನೆ. ಭಯದಲ್ಲಿ ಬದುಕುವುದು ಹೇಗಿರುತ್ತದೆ ಗೊತ್ತಾಯಿತಾ, ಜೀತ ಅಂದರೆ ಇದೇ ಎನ್ನುತ್ತಾನೆ. ಡೆಕಾರ್ಡ್ ಕೈ ಜಾರುತ್ತದೆ. ಅದೇ ಮೊಳೆ ಚುಚ್ಚಿದ ಕೈ ಅವನನ್ನು ಹಿಡಿದೆತ್ತುತ್ತದೆ. ತನ್ನ ಗೆಳತಿಯನ್ನು ಕೊಂದವನನ್ನು, ತನಗೆ ಉಳಿದ ಕೊನೆಯ ನಿಮಿಷಗಳಲ್ಲಿ. ಆಮೆಯ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಯಾವ ಯಂತ್ರಕ್ಕೂ ಸಿಕ್ಕಿರಲಿಲ್ಲ. ಆಮೇಲೆ ಮಳೆಯಲ್ಲಿ ಕೂತು ರಾಯ್ ತಾನು ಕಂಡದ್ದನ್ನು ಹೇಳುತ್ತಾನೆ: ದೂರದ ನಕ್ಷತ್ರಗಳ ಬಳಿ ಉರಿದ ಹಡಗುಗಳು, ಕತ್ತಲಲ್ಲಿ ಮಿನುಗಿದ ಬೆಳಕು. ಅವೆಲ್ಲ ತನ್ನೊಂದಿಗೆ ಹೋಗುತ್ತವೆ ಎಂಬುದು ಅವನ ಸಂಕಟ. ಚಿತ್ರಕಥೆಯಲ್ಲಿ ಈ ಮಾತು ಉದ್ದವಾಗಿತ್ತು. ನಟ ರಟ್ಗರ್ ಹೌವರ್ ಅದನ್ನು ಕತ್ತರಿಸಿ, ಮಳೆಯಲ್ಲಿ ಕರಗುವ ಕಣ್ಣೀರಿನ ಸಾಲನ್ನು ತಾನೇ ಸೇರಿಸಿದ. ಗಮನಿಸಿ, ಅವನು ಹೇಳುವುದರಲ್ಲಿ ತುಂಬಿಸಿದ ನೆನಪು ಒಂದೂ ಇಲ್ಲ. ಎಲ್ಲ ಆ ನಾಲ್ಕು ವರ್ಷದಲ್ಲಿ ಅವನೇ ಗಳಿಸಿದ್ದು.

ಡೆಕಾರ್ಡ್ ಯಾರು, ಯಾವ ಸಿನಿಮಾ ನೋಡಬೇಕು

ಈಗ ಆ ಪ್ರಶ್ನೆ. ಉತ್ತರ ನೀವು ಯಾವ ಆವೃತ್ತಿ ನೋಡಿದಿರಿ ಅನ್ನೋದರ ಮೇಲೆ ನಿಂತಿದೆ. 1982ರಲ್ಲಿ ಪ್ರಯೋಗ ಪ್ರದರ್ಶನ ನೋಡಿದವರಿಗೆ ಸಿನಿಮಾ ಹಿಡಿಸಲಿಲ್ಲ. ಅದಕ್ಕೇ ಡೆಕಾರ್ಡ್ ಧ್ವನಿಯಲ್ಲಿ ವಿವರಣೆ ಸೇರಿಸಿದರು, ಡೆಕಾರ್ಡ್ ಮತ್ತು ರೇಚಲ್ ಹಸಿರು ಬೆಟ್ಟಗಳ ನಡುವೆ ಕಾರಿನಲ್ಲಿ ಹೋಗುವ ಸುಖಾಂತ್ಯ ಅಂಟಿಸಿದರು. ಆ ಬೆಟ್ಟದ ದೃಶ್ಯಗಳು ಸ್ಟಾನ್ಲಿ ಕುಬ್ರಿಕ್ ತನ್ನ ಸಿನಿಮಾವೊಂದಕ್ಕೆ ತೆಗೆಸಿ ಉಳಿದಿದ್ದ ತುಣುಕುಗಳು. 1992ರ ಡೈರೆಕ್ಟರ್ಸ್ ಕಟ್‌ನಲ್ಲಿ ಎರಡೂ ಹೋದವು. ಬದಲಿಗೆ ಡೆಕಾರ್ಡ್‌ಗೆ ಒಂಟಿಕೊಂಬಿನ ಕುದುರೆಯ ಕನಸು ಬೀಳುತ್ತದೆ. ಕೊನೆಯಲ್ಲಿ ಸಹೋದ್ಯೋಗಿ ಗಾಫ್ ಕಾಗದ ಮಡಿಸಿ ಮಾಡಿದ ಅದೇ ಕುದುರೆಯನ್ನು ಅವನ ಬಾಗಿಲಲ್ಲಿ ಬಿಟ್ಟುಹೋಗಿರುತ್ತಾನೆ. ಜೇಡದ ನೆನಪು ಡೆಕಾರ್ಡ್‌ಗೆ ಗೊತ್ತಿದ್ದಂತೆ ಈ ಕನಸು ಗಾಫ್‌ಗೆ ಗೊತ್ತಿದೆ. ಇನ್ನೊಂದು ಸುಳಿವೂ ಇದೆ. ತಯಾರಾದ ಜೀವಗಳ ಕಣ್ಣು ಕೆಲವೊಮ್ಮೆ ಬೆಂಕಿಯಂತೆ ಹೊಳೆಯುತ್ತದೆ. ಕ್ಯಾಮೆರಾ ಮುಂದೆ ಓರೆಯಾಗಿ ಅರೆಗನ್ನಡಿ ಇಟ್ಟು, ಬೆಳಕನ್ನು ನೇರ ಕಣ್ಣಿಗೆ ಬಿಟ್ಟು ಆ ಹೊಳಪು ತಂದರು. ಒಂದು ದೃಶ್ಯದಲ್ಲಿ ಡೆಕಾರ್ಡ್ ಕಣ್ಣೂ ಹಾಗೇ ಹೊಳೆಯುತ್ತದೆ.

ರಿಡ್ಲಿ ಸ್ಕಾಟ್ ಪ್ರಕಾರ ಡೆಕಾರ್ಡ್ ರಿಪ್ಲಿಕಂಟ್. ಹ್ಯಾರಿಸನ್ ಫೋರ್ಡ್ ಅವನು ಮನುಷ್ಯನೇ ಎಂದು ವಾದಿಸಿದವರು. ನನಗೆ ಫೋರ್ಡ್ ಮಾತು ಹೆಚ್ಚು ಹಿಡಿಸುತ್ತದೆ. ಡೆಕಾರ್ಡ್ ಮನುಷ್ಯನಾಗಿದ್ದರೆ ಮಾತ್ರ ರಾಯ್ ಚಾಚಿದ ಕೈಗೆ ಪೂರ್ತಿ ತೂಕ ಬರುತ್ತದೆ. ಒಬ್ಬ ರಿಪ್ಲಿಕಂಟ್ ಇನ್ನೊಬ್ಬ ರಿಪ್ಲಿಕಂಟನನ್ನು ಉಳಿಸಿದ ಎಂದಾದರೆ ಕಥೆ ಒಂದು ಕುಲದೊಳಗೇ ಮುಗಿದುಹೋಗುತ್ತದೆ.

ಮೊದಲ ಸಲ ನೋಡುವವರು 2007ರ ಫೈನಲ್ ಕಟ್ ಆರಿಸಿಕೊಳ್ಳಿ. ಸುಮಾರು ಎರಡು ಗಂಟೆ. ಹಗಲಿನಲ್ಲಿ, ಮೊಬೈಲ್ ಪರದೆಯಲ್ಲಿ ಬೇಡ, ಕತ್ತಲ ದೃಶ್ಯಗಳಲ್ಲಿ ಏನೂ ಕಾಣುವುದಿಲ್ಲ. ಸಾಧ್ಯವಾದರೆ ಇಯರ್‌ಫೋನ್ ಹಾಕಿಕೊಳ್ಳಿ, ವ್ಯಾಂಜೆಲಿಸ್ ಸಂಗೀತದ ಕೆಳದನಿಗಳು ಟಿವಿ ಸ್ಪೀಕರಿನಲ್ಲಿ ಕಳೆದುಹೋಗುತ್ತವೆ. ನೆನಪಿನ ಭಾಗ ನಿಮಗೆ ಹಿಡಿಸಿದರೆ 2017ರಲ್ಲಿ ಡೆನಿಸ್ ವಿಲ್ನೆವ್ ಮಾಡಿದ ಮುಂದುವರಿಕೆಯನ್ನೂ ನೋಡಿ. ಅದರ ನಾಯಕ ಮೊದಲಿನಿಂದಲೇ ರಿಪ್ಲಿಕಂಟ್, ಅದು ಅವನಿಗೂ ಗೊತ್ತು. ಅವನ ಕೈಗೆ ಸಿಗುವುದು ಮರದ ಪುಟ್ಟ ಕುದುರೆಯ ಒಂದು ನೆನಪು. ಅದು ತಯಾರಿಸಿದ್ದಲ್ಲ, ಯಾರೋ ನಿಜವಾಗಿ ಬದುಕಿದ್ದು. ಯಾರು ಎಂದು ಹುಡುಕುವುದೇ ಆ ಸಿನಿಮಾ.